ಗಡ್ಡೆ ಚಿಕ್ಕದಿದ್ದರೂ ಮೆಸೆಂಟರಿಯನ್ನು ಏಕೆ ತೆಗೆಯುತ್ತಾರೆ?

ತಂದೆಯವರ ದೊಡ್ಡಕರುಳಿನ ಗಡ್ಡೆ ಚಿಕ್ಕದಿದ್ದರೂ ಹಾಸನದ ವೈದ್ಯರು ಅದಕ್ಕಂಟಿದ ಕೊಬ್ಬಿನ ಪೊರೆಯನ್ನೂ ತೆಗೆಯಬೇಕೆಂದದ್ದು ಏಕೆಂದು ಸಕಲೇಶಪುರದಿಂದ ಕೇಳಿದ್ದೀರಿ. ಅವರ ಸಲಹೆ ಸರಿಯಾದದ್ದೇ. ಆ ಪೊರೆಯೇ ಮೆಸೆಂಟರಿ. ಕರುಳನ್ನು ಹೊಟ್ಟೆಯ ಹಿಂಭಾಗಕ್ಕೆ ಹಿಡಿದಿಟ್ಟು, ರಕ್ತನಾಳ, ನರ, ದುಗ್ಧನಾಳಗಳನ್ನೆಲ್ಲ (ಲಿಂಫ್ ದ್ರವ ಹರಿಯುವ ಸಣ್ಣ ನಾಳಗಳು) ತನ್ನೊಳಗೇ ಸಾಗಿಸುತ್ತದೆ. ಕ್ಯಾನ್ಸರ್ ಜೀವಕೋಶಗಳು ಸಾಮಾನ್ಯವಾಗಿ ಈ ದುಗ್ಧನಾಳಗಳ ದಾರಿ ಹಿಡಿದು ಅಲ್ಲಿನ ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್) ನೆಲೆಸುವುದರಿಂದ, ಮೆಸೆಂಟರಿಯ ಹಿಂದೆ ಜೇಡರ ಬಲೆಯಷ್ಟು ತೆಳುವಾಗಿರುವ, ಬಹುತೇಕ ರಕ್ತನಾಳಗಳಿಲ್ಲದ ಪದರದಲ್ಲೇ ನಿಧಾನವಾಗಿ ಬಿಡಿಸುತ್ತಾ ಹೋಗಿ, ಹೊದಿಕೆ ಎಲ್ಲಿಯೂ ಹರಿಯದಂತೆ ಇಡಿಯಾಗಿ ಹೊರತೆಗೆಯಬೇಕಾಗುತ್ತದೆ. ಗುದನಾಳದ ಕ್ಯಾನ್ಸರಿನಲ್ಲಿ ಇದರ ಮಹತ್ವವನ್ನು ಬ್ರಿಟನ್ನಿನ ಶಸ್ತ್ರಚಿಕಿತ್ಸಕ ಬಿಲ್ ಹೀಲ್ಡ್ 1982ರಲ್ಲಿ ತೋರಿಸಿಕೊಟ್ಟರು. ಮುಂದೆ, ತೆಗೆದ ಭಾಗವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಪೆಥಾಲಜಿ ವರದಿ ಬಂದಾಗ, ಕನಿಷ್ಠ 12 ದುಗ್ಧಗ್ರಂಥಿಗಳನ್ನು ಪರೀಕ್ಷಿಸಿದ್ದಾರೆಯೇ ಎಂಬುದನ್ನು ದಯವಿಟ್ಟು ನೋಡಿ. ಕೀಮೊಥೆರಪಿ ಬೇಕೇ ಎಂಬ ತೀರ್ಮಾನ ಬಹುಮಟ್ಟಿಗೆ ಆ ಗ್ರಂಥಿಗಳ ಫಲಿತಾಂಶವನ್ನೇ ಅವಲಂಬಿಸಿರುತ್ತದೆ.