ದ್ವೀಪಕ್ಕಿಂತ ಮೊದಲು ದಡ ಆರಿಸಿಕೊಳ್ಳಿ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ಬಳ್ಳಾರಿಯಲ್ಲಿ ಹೈಸ್ಕೂಲ್ ಟೀಚರ್. ನಮ್ಮ ಮನೆಯವರದು ಜೀನ್ಸ್ ಹೊಲಿಯುವ ಯೂನಿಟ್. ಬರುವ ಮೇ ತಿಂಗಳಿಗೆ ನಮ್ಮ ಮದುವೆಯಾಗಿ 25 ವರ್ಷ. "ನೀವಿಬ್ಬರೇ ದೂರ ಎಲ್ಲಾದರೂ ಹೋಗಿಬನ್ನಿ" ಅಂತ ಮಕ್ಕಳು ಹಟ ಹಿಡಿದಿದ್ದಾರೆ. ಇವರಿಗೆ ಕ್ರಿಕೆಟ್‌ನಿಂದಾಗಿ ಚಿಕ್ಕಂದಿನಿಂದಲೂ ವೆಸ್ಟ್ ಇಂಡೀಸ್ ನೋಡುವ ಆಸೆ. ನನಗೆ ಸಮುದ್ರ ಬೇಕು. ಆದರೆ ಇಬ್ಬರಿಗೂ ಈಜು ಬರುವುದಿಲ್ಲ, ಇವರಿಗೆ ಮೊಣಕಾಲು ನೋವು ಬೇರೆ. ನಾವು ಮೊಟ್ಟೆಯನ್ನೂ ಮುಟ್ಟದವರು. ದೊಡ್ಡ ರೆಸಾರ್ಟ್ ಬೇಡ, ನೀರಿನ ಪಕ್ಕ ಒಂದು ಸಣ್ಣ ಹೋಟೆಲ್ ಸಾಕು. ಜಮೈಕಾ, ಸೇಂಟ್ ಲೂಸಿಯಾ, ಬಾರ್ಬಡೋಸ್ ಈ ಮೂರರಲ್ಲಿ ಯಾವುದು ಒಳ್ಳೆಯದು? ಫೋಟೋದಲ್ಲಿ ಎಲ್ಲ ಹೋಟೆಲೂ ಚೆಂದ ಕಾಣುತ್ತವೆ. ಯಾವುದನ್ನು ನಂಬೋದು?
- ಓದುಗಿ, ಬಳ್ಳಾರಿ

ಉತ್ತರ: ತಂಗಿ, ಬಾರ್ಬಡೋಸ್‌ಗೆ ಹೋಗಿ. ಅದರ ಪಶ್ಚಿಮ ದಡದಲ್ಲಿ ಇಳಿದುಕೊಳ್ಳಿ. ನಿಮ್ಮ ಪತ್ರದಲ್ಲಿರುವ ಒಂದೊಂದು ಮಾತನ್ನೂ ಮುಂದಿಟ್ಟುಕೊಂಡು ಯೋಚಿಸಿಯೇ ಇದನ್ನು ಹೇಳುತ್ತಿದ್ದೇನೆ.

ಇಲ್ಲಿ ಟಿಕೆಟ್ ಆಫೀಸ್ ನಡೆಸುವ ನನ್ನ ಹತ್ತಿರ ಬರುವವರೆಲ್ಲ ದ್ವೀಪದ ಹೆಸರಿನಿಂದ ಶುರು ಮಾಡುತ್ತಾರೆ. ನಾನು ದಡದಿಂದ ಶುರು ಮಾಡಿ ಎನ್ನುತ್ತೇನೆ. ಕೆರಿಬಿಯನ್ ಕಡೆ ವರ್ಷದ ಹೆಚ್ಚಿನ ದಿನ ಗಾಳಿ ಬೀಸುವುದು ಪೂರ್ವದಿಂದ, ಅಟ್ಲಾಂಟಿಕ್ ಸಾಗರದ ಮೇಲಿಂದ. ಹಾಗಾಗಿ ಪೂರ್ವದ ದಡಕ್ಕೆ ಅಲೆ ಜೋರಾಗಿ ಬಡಿಯುತ್ತದೆ. ದ್ವೀಪವೇ ಅಡ್ಡ ಇರುವುದರಿಂದ ಪಶ್ಚಿಮದ ನೀರು ಸಾಮಾನ್ಯವಾಗಿ ಶಾಂತ. ಒಂದೇ ದ್ವೀಪದಲ್ಲಿ ಎರಡು ಬೇರೆ ಬೇರೆ ಸಮುದ್ರ ಇದ್ದಂತೆ ಅನಿಸುತ್ತದೆ. ಬಾರ್ಬಡೋಸ್‌ನ ಪೂರ್ವಕ್ಕೆ ಬಾತ್‌ಶೀಬಾ ಅಂತ ಒಂದು ಊರಿದೆ. ದೊಡ್ಡ ದೊಡ್ಡ ಬಂಡೆಗಳು, ಬಿಳಿ ನೊರೆ, ಸರ್ಫಿಂಗ್ ಮಾಡುವ ಹುಡುಗರು. ನೋಡಲು ಅದ್ಭುತ. ಈಜು ಬಾರದವರು ಅಲ್ಲಿ ನೀರಿಗೆ ಇಳಿಯಲೇಬಾರದು. ಅದೇ ಪಶ್ಚಿಮದ ಹೋಲ್‌ಟೌನ್, ಪೇನ್ಸ್ ಬೇ ಕಡೆ ಸೊಂಟದ ನೀರಿನಲ್ಲಿ ನಿಂತು ಮಾತಾಡಬಹುದು. ಆದರೂ ಇಳಿಯುವ ಮೊದಲು ಆ ದಿನದ ಅಲೆ ಹೇಗಿದೆ ಅಂತ ಹೋಟೆಲಿನವರನ್ನು ಕೇಳಿ. ಇನ್ನೊಂದು ಲಾಭ, ಸೂರ್ಯ ಮುಳುಗುವುದು ನಿಮ್ಮ ಕುರ್ಚಿಯ ಎದುರಿಗೇ.

ಮೇ ತಿಂಗಳಿಗೆ ಪಶ್ಚಿಮ ದಡವೇ ಬೇಕು ಅನ್ನಲು ಮತ್ತೊಂದು ಕಾರಣ ಇದೆ. 2011ರಿಂದ ಈಚೆಗೆ ಸಾರ್ಗಾಸಮ್ ಎಂಬ ಕಂದು ಪಾಚಿ ಅಟ್ಲಾಂಟಿಕ್‌ನಿಂದ ರಾಶಿ ರಾಶಿ ತೇಲಿ ಬರುತ್ತಿದೆ. ಬೇಸಿಗೆ ಶುರುವಾದ ಮೇಲೆ ಇದರ ಕಾಟ ಜಾಸ್ತಿ. ದಡಕ್ಕೆ ಬಿದ್ದು ಕೊಳೆತರೆ ಕೆಟ್ಟ ಮೊಟ್ಟೆಯ ವಾಸನೆ. ನಿಮಗಂತೂ ಒಂದು ಗಂಟೆ ಕೂತಿರಲು ಆಗುವುದಿಲ್ಲ. ಇದು ಹೆಚ್ಚಾಗಿ ಬೀಳುವುದು ಪೂರ್ವ ಮತ್ತು ಆಗ್ನೇಯದ ದಡಗಳಿಗೆ. ಸೋವಿ ಸಿಕ್ಕಿತು ಅಂತ ಆ ಕಡೆ ರೂಮು ಹಿಡಿಯಬೇಡಿ.

ನೀವು ಆರಿಸಿಕೊಂಡ ತಿಂಗಳು ಮಾತ್ರ ಬಹಳ ಚೆನ್ನಾಗಿದೆ. ಡಿಸೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಅಲ್ಲಿ ಸೀಸನ್. ಚಳಿ ತಾಳಲಾರದೆ ಇಂಗ್ಲೆಂಡ್, ಕೆನಡಾ, ಅಮೆರಿಕದವರು ಬಂದು ತುಂಬಿಕೊಳ್ಳುತ್ತಾರೆ, ರೇಟು ಮೇಲೇರುತ್ತದೆ. ಏಪ್ರಿಲ್ ಕೊನೆಗೆ ಅವರು ಹೊರಡುತ್ತಾರೆ, ರೇಟು ಇಳಿಯುತ್ತದೆ. ಚಂಡಮಾರುತದ ಕಾಲ ಲೆಕ್ಕಕ್ಕೆ ಬರುವುದು ಜೂನ್ 1ರಿಂದ. ನಡುವಿನ ಈ ಕೆಲವು ವಾರಗಳು ನಿಮ್ಮ ಶಾಲೆಯ ಬೇಸಿಗೆ ರಜೆಗೆ ಸರಿಯಾಗಿ ಕೂಡಿಬಂದಿವೆ. ನಮ್ಮೂರಲ್ಲಿ ಮಧ್ಯಾಹ್ನ ಬಾಗಿಲು ತೆರೆಯಲಾಗದ ಆ ತಿಂಗಳಲ್ಲಿ ಅಲ್ಲಿ 30 ಡಿಗ್ರಿಯ ಆಸುಪಾಸು, ಜೊತೆಗೆ ಗಾಳಿ.

ಉಳಿದೆರಡನ್ನು ಯಾಕೆ ಬಿಟ್ಟೆ ಅಂತ ಕೇಳುತ್ತೀರಿ. ಸೇಂಟ್ ಲೂಸಿಯಾ ತುಂಬಾ ಚೆಂದದ ದ್ವೀಪ. ಸಮುದ್ರದಿಂದಲೇ ಎದ್ದು ನಿಂತ ಪಿಟನ್ ಬೆಟ್ಟಗಳನ್ನು ನೋಡಿದವರು ಮರೆಯುವುದಿಲ್ಲ. ಆದರೆ ಅದು ಜ್ವಾಲಾಮುಖಿಯಿಂದ ಹುಟ್ಟಿದ ನೆಲ, ಎಲ್ಲ ಏರಿಳಿತ. ಒಳ್ಳೆಯ ನೋಟ ಇರುವ ಹೋಟೆಲುಗಳು ಹೆಚ್ಚಾಗಿ ಗುಡ್ಡದ ಮೇಲಿವೆ, ಅಂದರೆ ಮೆಟ್ಟಿಲೋ ಮೆಟ್ಟಿಲು. ದೊಡ್ಡ ವಿಮಾನ ನಿಲ್ದಾಣ ದಕ್ಷಿಣದ ತುದಿಯಲ್ಲಿ, ಹೆಚ್ಚಿನ ಹೋಟೆಲುಗಳು ಉತ್ತರದಲ್ಲಿ. ಮಧ್ಯೆ ತಿರುವಿನ ರಸ್ತೆ. ನಿಮ್ಮ ಯಜಮಾನರ ಮೊಣಕಾಲಿಗೆ ಇದು ಆಗದು. ಜಮೈಕಾ ದೊಡ್ಡದು, ಅಲ್ಲಿ ದೊಡ್ಡ ರೆಸಾರ್ಟುಗಳದೇ ಕಾರುಬಾರು. ಮೇಲಾಗಿ 2025ರ ಅಕ್ಟೋಬರ್‌ನಲ್ಲಿ ಮೆಲಿಸಾ ಚಂಡಮಾರುತ ಅದರ ಪಶ್ಚಿಮ ಭಾಗವನ್ನು ತೀವ್ರವಾಗಿ ಬಡಿಯಿತು.

ಬಾರ್ಬಡೋಸ್ ಹವಳದ ಸುಣ್ಣಕಲ್ಲಿನ ದ್ವೀಪ. ಪಶ್ಚಿಮದ ದಡದ ಉದ್ದಕ್ಕೂ ನೆಲ ಸಮ. ಉದ್ದ 34 ಕಿಲೋಮೀಟರ್, ಹೆಚ್ಚು ಕಡಿಮೆ ನಮ್ಮ ಬಳ್ಳಾರಿಯಿಂದ ತೋರಣಗಲ್ಲಿಗೆ ಹೋದಷ್ಟು. ರಾಜಧಾನಿ ಬ್ರಿಜ್‌ಟೌನ್‌ನಿಂದ ಹೋಲ್‌ಟೌನ್, ಸ್ಪೈಟ್ಸ್‌ಟೌನ್‌ವರೆಗೆ ದಡದ ರಸ್ತೆಯಲ್ಲೇ ಬಸ್ ಓಡುತ್ತವೆ. ಎಲ್ಲಿ ಹತ್ತಿ ಎಲ್ಲಿ ಇಳಿದರೂ ಮೂರೂವರೆ ಬಾರ್ಬಡೋಸ್ ಡಾಲರ್. ಅವರ 2 ಡಾಲರಿಗೆ ಅಮೆರಿಕದ 1 ಡಾಲರ್, ಈ ಲೆಕ್ಕ 1975ರಿಂದ ಬದಲಾಗಿಲ್ಲ. ಟ್ಯಾಕ್ಸಿ ದುಬಾರಿ, ಹಾಗಾಗಿ ಬಸ್ ಸ್ಟಾಪಿನ ಹತ್ತಿರದ ಹೋಟೆಲ್ ನೋಡಿ.

ಈಗ ಹೋಟೆಲ್ ವಿಷಯ. ಬಾರ್ಬಡೋಸ್‌ನಲ್ಲಿ ಬೀಚುಗಳೆಲ್ಲ ಸಾರ್ವಜನಿಕ. ಪಕ್ಕದ ಭಾರೀ ಹೋಟೆಲಿನವರು ಎಷ್ಟೇ ದುಡ್ಡು ಕೊಟ್ಟಿರಲಿ, ಅವರು ನಡೆಯುವ ಮರಳೇ ನೀವೂ ನಡೆಯುವ ಮರಳು. ಸಣ್ಣ ಹೋಟೆಲ್ ಬೇಕೆನ್ನುವ ನಿಮ್ಮ ಆಸೆ ಅಲ್ಲಿ ನಿಜಕ್ಕೂ ಲಾಭದ್ದು.

ಫೋಟೋ ಬಿಡಿ. ಮೊದಲು ಗೂಗಲ್ ಮ್ಯಾಪ್‌ನಲ್ಲಿ ಹೋಟೆಲ್ ಹುಡುಕಿ, ಉಪಗ್ರಹದ ಚಿತ್ರ ಹಾಕಿಕೊಳ್ಳಿ. ಎರಡು ಬೆರಳಲ್ಲಿ ಹಿಗ್ಗಿಸಿ, ನಿಧಾನವಾಗಿ ನೋಡಿ. ಕಟ್ಟಡಕ್ಕೂ ನೀರಿಗೂ ಮಧ್ಯೆ ಏನಿದೆ? ಪಶ್ಚಿಮದ ಹೆದ್ದಾರಿ ದಡಕ್ಕೆ ಅಂಟಿಕೊಂಡೇ ಹೋಗುತ್ತದೆ. ಕೆಲವು ಹೋಟೆಲುಗಳು ರಸ್ತೆಯ ಈಚೆಗಿವೆ, ಕೆಲವು ಆಚೆಗೆ. "ಬೀಚ್‌ಫ್ರಂಟ್" ಅಂದರೆ ಮರಳಿನ ಮೇಲೆ ಇರಬೇಕು. "ಬೀಚ್ ಆಕ್ಸೆಸ್" ಅಂದರೆ ಬಸ್ಸು, ಕಾರು ತಪ್ಪಿಸಿಕೊಂಡು ರಸ್ತೆ ದಾಟಿ ಹೋಗಬೇಕಾಗಬಹುದು. "ಸೀ ವ್ಯೂ" ಅಂದರೆ ಬಾಲ್ಕನಿಯಿಂದ ಕಂಡರೂ ಸಾಕು, ಅವರ ಮಾತು ಸುಳ್ಳಾಗುವುದಿಲ್ಲ. ಆಮೇಲೆ ನೀರಿನ ಬಣ್ಣ ನೋಡಿ. ತಿಳಿ ಹಸಿರು ಇದ್ದರೆ ತಳದಲ್ಲಿ ಮರಳು. ದಡದ ಹತ್ತಿರವೇ ಕಪ್ಪು ಕಪ್ಪು ಕಲೆ ಇದ್ದರೆ ಕಲ್ಲೋ ಹವಳವೋ ಕಡಲ ಹುಲ್ಲೋ ಇರುತ್ತದೆ, ಬರಿಗಾಲಲ್ಲಿ ಇಳಿಯುವುದು ಕಷ್ಟ. ಇಷ್ಟಾದ ಮೇಲೆ ವಿಮರ್ಶೆ ಓದಿ. ಹೊಸದನ್ನು ಮೊದಲು, ಅದರಲ್ಲೂ ಮೇ ತಿಂಗಳಲ್ಲಿ ಇದ್ದು ಬಂದವರದು. ಹೋಟೆಲಿನವರು ಹಾಕಿದ ಫೋಟೋಕ್ಕಿಂತ ಉಳಿದುಕೊಂಡವರು ತೆಗೆದ ಫೋಟೋ ಮೇಲು.

ಎರಡು ಮೂರು ಹೋಟೆಲ್ ಉಳಿದಾಗ ನೇರವಾಗಿ ಇಮೇಲ್ ಬರೆಯಿರಿ. ನೆಲಮಹಡಿ ರೂಮು ಸಿಗುತ್ತಾ? ಅಲ್ಲಿಂದ ಮರಳಿಗೆ ಎಷ್ಟು ಮೆಟ್ಟಿಲು? ರೂಮಿನಲ್ಲಿ ಒಲೆ, ಫ್ರಿಜ್ ಇವೆಯಾ? ಮೇನಲ್ಲಿ ಅಕ್ಕಪಕ್ಕ ಕಟ್ಟಡದ ಕೆಲಸ ನಡೆಯುತ್ತಾ? ತೆರಿಗೆ, ಸರ್ವಿಸ್ ಚಾರ್ಜ್, ದಿನದ ಲೆವಿ ಎಲ್ಲ ಸೇರಿ ಒಟ್ಟು ಎಷ್ಟು? ಸಣ್ಣ ಹೋಟೆಲಿನಲ್ಲಿ ಉತ್ತರ ಬರೆಯುವವರು ಮಾಲೀಕರೋ ಮ್ಯಾನೇಜರೋ ಆಗಿರುತ್ತಾರೆ. "ಆರು ಮೆಟ್ಟಿಲು ಇವೆ, ಹಿಡಿದುಕೊಳ್ಳಲು ಕಂಬಿ ಇದೆ" ಅಂತ ಬರೆದವರ ಹತ್ತಿರ ಬುಕ್ ಮಾಡಿ. "ನಮ್ಮಲ್ಲಿ ಎಲ್ಲ ಸೌಲಭ್ಯ ಇದೆ" ಅಂತ ಒಂದೇ ಸಾಲು ಬಂದರೆ ಬಿಟ್ಟುಬಿಡಿ.

ಒಲೆ ಯಾಕೆ ಕೇಳಿದೆ ಅಂದರೆ ನಿಮ್ಮ ಊಟಕ್ಕಾಗಿ. ಅಲ್ಲಿನ ಅನ್ನ-ಕಾಳಿನ ಅಡುಗೆ ಸಸ್ಯಾಹಾರದಂತೆ ಕಾಣುತ್ತದೆ, ಆದರೆ ರುಚಿಗೆ ಉಪ್ಪು ಹಚ್ಚಿದ ಮಾಂಸ ಹಾಕುವುದುಂಟು. ಕೇಳದೆ ತಿನ್ನಬೇಡಿ. ರೊಟ್ಟಿ ಅಂಗಡಿಗಳಲ್ಲಿ ಆಲೂಗಡ್ಡೆ, ಕಡಲೆ ತುಂಬಿದ ರೊಟ್ಟಿ ಸಿಗುತ್ತದೆ. ಇದು ಟ್ರಿನಿಡಾಡ್‌ನ ಭಾರತೀಯರಿಂದ ಬಂದ ತಿಂಡಿ. ದೀವಿಹಲಸು, ಹುರಿದ ಬಾಳೆ ಕೂಡ ಚೆನ್ನಾಗಿರುತ್ತದೆ. ಉಳಿದಂತೆ ಹೋಲ್‌ಟೌನ್‌ನ ಸೂಪರ್‌ಮಾರ್ಕೆಟ್ಟಿನಲ್ಲಿ ಅಕ್ಕಿ, ಬೇಳೆ, ತರಕಾರಿ ಕೊಂಡು ರೂಮಿನಲ್ಲೇ ಅನ್ನ ಸಾರು ಮಾಡಿಕೊಳ್ಳಿ. ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋಗಿ, ಕಸ್ಟಮ್ಸ್ ಫಾರಮಿನಲ್ಲಿ ಬರೆಯಿರಿ. ಹಸಿ ಹಣ್ಣು, ಬಿತ್ತನೆಯಾಗುವಂಥ ಕಾಳು ಬೇಡ.

ನಿಮ್ಮ ಯಜಮಾನರಿಗೆ ಒಂದು ಮಾತು. ಜೀನ್ಸ್ ಜೊತೆ ಮಿಲಿಟರಿ ಪ್ರಿಂಟಿನ ಪ್ಯಾಂಟು, ಟೋಪಿ ಏನಾದರೂ ಇದ್ದರೆ ಮನೆಯಲ್ಲೇ ಬಿಟ್ಟು ಹೋಗಲಿ. ಬಾರ್ಬಡೋಸ್‌ನಲ್ಲಿ ಸಾಮಾನ್ಯ ಜನ ಆ ಬಟ್ಟೆ ಹಾಕುವುದು ಕಾನೂನಿಗೆ ವಿರುದ್ಧ, ಮಕ್ಕಳಿಗೂ ಬಿಡುವುದಿಲ್ಲ. ಆಮೇಲೆ ಅವರನ್ನು ಕೆನ್ಸಿಂಗ್ಟನ್ ಓವಲ್‌ಗೆ ಕರೆದುಕೊಂಡು ಹೋಗಿ. 1997ರಲ್ಲಿ ಗೆಲ್ಲಲು 120 ರನ್ ಬೇಕಿದ್ದಾಗ ನಮ್ಮವರು 81ಕ್ಕೆ ಆಲೌಟ್ ಆದ ಮೈದಾನ ಅದು. 2024ರ ಜೂನ್ 29ರಂದು ದಕ್ಷಿಣ ಆಫ್ರಿಕಾವನ್ನು 7 ರನ್‌ನಿಂದ ಸೋಲಿಸಿ ಟಿ20 ವಿಶ್ವಕಪ್ ಎತ್ತಿದ್ದೂ ಅಲ್ಲೇ, ಕೋಚ್ ನಮ್ಮ ದ್ರಾವಿಡ್. ಹೊರಗೆ ಗ್ಯಾರಿ ಸೋಬರ್ಸ್ ಪ್ರತಿಮೆ ಇದೆ. ಅವರು ಹುಟ್ಟಿದ್ದು ಆ ದ್ವೀಪದಲ್ಲೇ.

ಬೀಚಿನಲ್ಲಿ ನೆರಳು ಹುಡುಕುವಾಗ ಹುಷಾರು. ಮಂಚಿನೀಲ್ ಅಂತ ಒಂದು ಮರ ದಡದಲ್ಲೇ ಬೆಳೆಯುತ್ತದೆ. ಹೊಳೆಯುವ ಎಲೆ, ಸಣ್ಣ ಹಸಿರು ಸೇಬಿನಂಥ ಕಾಯಿ. ಅದರ ಹಾಲು ತಗುಲಿದರೆ ಚರ್ಮ ಬೊಬ್ಬೆ ಏಳುತ್ತದೆ. ಮಳೆ ಬಂದಾಗ ಕೆಳಗೆ ನಿಂತರೂ ಸಾಕು, ಎಲೆಯಿಂದ ತೊಟ್ಟಿಕ್ಕುವ ನೀರೇ ಸುಡುತ್ತದೆ. ಕಾಯಿ ತಿಂದರಂತೂ ಅಪಾಯ. ಹಲವು ಕಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ. ಮೊದಲ ದಿನವೇ ಹೋಟೆಲಿನವರನ್ನು ಕರೆದು "ಆ ಮರ ತೋರಿಸಿ" ಅಂತ ಕೇಳಿ.

ಕೊನೆಗೆ ದಾರಿ. ಭಾರತದ ಪಾಸ್‌ಪೋರ್ಟ್ ಇದ್ದವರು ಬಾರ್ಬಡೋಸ್ ಸುತ್ತಾಡಲು ಮುಂಚೆ ವೀಸಾ ಮಾಡಿಸಬೇಕಿಲ್ಲ. ತೊಡಕಿರುವುದು ಮಧ್ಯದಲ್ಲಿ. ಬೆಂಗಳೂರಿನಿಂದ ಲಂಡನ್, ಅಲ್ಲಿಂದ ಬ್ರಿಜ್‌ಟೌನ್ ಸುಲಭದ ದಾರಿ. ಆದರೆ ಲಂಡನ್‌ನಲ್ಲಿ ನಿಲ್ದಾಣದ ಹೊರಗೆ ಕಾಲಿಡದಿದ್ದರೂ ನಮ್ಮವರಿಗೆ ಟ್ರಾನ್ಸಿಟ್ ವೀಸಾ ಬೇಕು, ಅಮೆರಿಕದ ಚಾಲ್ತಿ ವೀಸಾ ಇರುವಂಥ ಕೆಲವರಿಗೆ ಮಾತ್ರ ವಿನಾಯಿತಿ. ಅಮೆರಿಕದ ಮೂಲಕ ಹೋದರೆ ಅಲ್ಲಿನ ವೀಸಾ ಬೇಕೇ ಬೇಕು. ನನ್ನ ಸಲಹೆ, ಬ್ರಿಟನ್ನಿನ ವಿಸಿಟರ್ ವೀಸಾ ಮಾಡಿಸಿಕೊಂಡು ಹೋಗುವಾಗ ಲಂಡನ್‌ನಲ್ಲಿ ಎರಡು ರಾತ್ರಿ ಉಳಿಯಿರಿ. ಕಾಲಿಗೂ ವಿಶ್ರಾಂತಿ, ನಿದ್ದೆಯೂ ಸರಿಹೋಗುತ್ತದೆ. ಬಾರ್ಬಡೋಸ್ ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ವೀಸಾ ಕೈಗೆ ಬರುವವರೆಗೆ ಹಣ ವಾಪಸ್ ಬಾರದ ಟಿಕೆಟ್ ತಗೊಳ್ಳಬೇಡಿ. ನಿಯಮ ಬದಲಾಗುತ್ತಿರುತ್ತವೆ, ಆ ವಾರ ಮತ್ತೊಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ಹೊಸದಾಗಿ ಮದುವೆಯಾಗಿದ್ದೇವೆ ಮೇಡಂ. ನಮ್ಮದು ಭತ್ತದ ಗದ್ದೆ. ನಾಟಿ ಮುಗಿದ ಮೇಲೆ ಸೆಪ್ಟೆಂಬರ್‌ನಲ್ಲಿ ಬಿಡುವು. ಆಗ ಕೆರಿಬಿಯನ್ ಹೋಟೆಲುಗಳು ಬಹಳ ಸೋವಿ. ಹೋಗಬಹುದಾ?
- ಓದುಗ, ಗಂಗಾವತಿ

ಉತ್ತರ: ಬೇಡ ತಮ್ಮಾ. ಸೋವಿ ಇರುವುದಕ್ಕೆ ಕಾರಣವೇ ಚಂಡಮಾರುತ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅದರ ಜೋರು. 2004ರ ಸೆಪ್ಟೆಂಬರ್‌ನಲ್ಲಿ ಐವಾನ್ ಗ್ರೆನಡಾದ ಬಹುಪಾಲು ಮನೆಗಳಿಗೆ ಹಾನಿ ಮಾಡಿತು. 2024ರ ಜುಲೈ 1ರಂದು ಬೆರಿಲ್ ಅದೇ ದೇಶದ ಕ್ಯಾರಿಯಾಕೂ ದ್ವೀಪವನ್ನು ನೆಲಸಮ ಮಾಡಿತು. ಕೊಯ್ಲು ಮುಗಿಸಿ ಡಿಸೆಂಬರ್ ಮೊದಲ ಎರಡು ವಾರದಲ್ಲಿ ಹೋಗಿ. ಚಂಡಮಾರುತದ ಕಾಲ ನವೆಂಬರ್ 30ಕ್ಕೆ ಮುಗಿದಿರುತ್ತದೆ, ಕ್ರಿಸ್‌ಮಸ್ ರೇಟು ಇನ್ನೂ ಶುರುವಾಗಿರುವುದಿಲ್ಲ.

ನಿಮ್ಮಿಬ್ಬರಿಗೆ ನಾನು ಹೇಳುವುದು ಟೊಬೆಗೊ. ಟ್ರಿನಿಡಾಡ್‌ನಿಂದ ವಿಮಾನದಲ್ಲಿ ಅರ್ಧ ಗಂಟೆಯೂ ಇಲ್ಲ. ಕಸ್ತಾರಾ ಎಂಬ ಮೀನುಗಾರರ ಊರು ವಾಯುವ್ಯ ದಡದಲ್ಲಿದೆ, ಸಣ್ಣ ಸಣ್ಣ ಗೆಸ್ಟ್‌ಹೌಸುಗಳು. ಒಳಗಿನ ಮೇನ್ ರಿಡ್ಜ್ ಕಾಡನ್ನು 1776ರಲ್ಲೇ ಕಾನೂನು ಮಾಡಿ ಕಾಪಾಡಿದ್ದಾರೆ, ಮಳೆಗಾಲ ಮುಗಿಯುವ ಹೊತ್ತಿನ ಆ ಹಸಿರನ್ನು ನೋಡಬೇಕು. ಹೋಗುತ್ತಾ ಬರುತ್ತಾ ಟ್ರಿನಿಡಾಡ್‌ನಲ್ಲಿ ಒಂದು ದಿನ ನಿಲ್ಲಿ. 1845ರಿಂದ ಕಬ್ಬಿನ ತೋಟದ ಕೂಲಿಗೆ ಹಡಗಿನಲ್ಲಿ ಹೋದ ಭಾರತೀಯರ ಮೊಮ್ಮಕ್ಕಳು ಬೀದಿ ಬದಿಯಲ್ಲಿ ಡಬಲ್ಸ್ ಮಾರುತ್ತಾರೆ. ಬಾರಾ ಎಂಬ ಎರಡು ಮೆತ್ತನೆಯ ಕರಿದ ರೊಟ್ಟಿಯ ನಡುವೆ ಕಡಲೆ ಪಲ್ಯ. ನಿಂತಲ್ಲೇ ತಿನ್ನಿ.

ಒಂದು ಎಚ್ಚರಿಕೆ. ಟ್ರಿನಿಡಾಡ್‌ಗೆ ಹೋಗಿ ಬರುವವರು ಹಳದಿ ಜ್ವರದ ಲಸಿಕೆಯ ಕಾರ್ಡ್ ಇಟ್ಟುಕೊಂಡಿರಬೇಕು. ಇಲ್ಲದಿದ್ದರೆ ಭಾರತಕ್ಕೆ ಇಳಿದ ಮೇಲೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆಯನ್ನು ಸರ್ಕಾರ ಗೊತ್ತು ಮಾಡಿದ ಕೇಂದ್ರದಲ್ಲಿ, ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಿ.

ಪ್ರಶ್ನೆ: ಊಟ, ಕುಡಿಯುವುದು ಎಲ್ಲ ಸೇರಿದ "ಆಲ್ ಇನ್‌ಕ್ಲೂಸಿವ್" ಪ್ಯಾಕೇಜ್ ತಗೊಂಡರೆ ಲಾಭವಾ? ನಾವಿಬ್ಬರೂ ಕುಡಿಯುವುದಿಲ್ಲ, ಮಾಂಸ ತಿನ್ನುವುದಿಲ್ಲ.
- ಓದುಗ, ರಾಯಚೂರು

ಉತ್ತರ: ಇಲ್ಲ ಅಣ್ಣಾ. ಆ ರೇಟಿನಲ್ಲಿ ಮದ್ಯ, ಮೀನು, ಮಾಂಸದ್ದೇ ದೊಡ್ಡ ಪಾಲು. ನೀವು ಮುಟ್ಟದ್ದಕ್ಕೆ ಸುಮ್ನೆ ಯಾಕೆ ದುಡ್ಡು ಕೊಡಬೇಕು? ಬೆಳಗಿನ ತಿಂಡಿ ಮಾತ್ರ ಸೇರಿದ ರೂಮು ತಗೊಳ್ಳಿ. ತಿಂಡಿಗೆ ನೀವು ತಿನ್ನುವಂಥದ್ದು ಏನಿರುತ್ತದೆ ಅಂತ ಬುಕಿಂಗ್‌ಗೆ ಮೊದಲೇ ಬರೆದು ಕೇಳಿ, ಅವರ ಉತ್ತರವನ್ನು ಪ್ರಿಂಟ್ ತೆಗೆದು ಜೊತೆಗಿಟ್ಟುಕೊಳ್ಳಿ.