ಸ್ಪ್ಯಾಮರ್‌ಗೆ ಜಾಮೀನು ಯಾರು?

ಪ್ರಶ್ನೆ: ನಮ್ಮ ಅಡಿಕೆ ಬೆಳೆಗಾರರ ಆನ್‌ಲೈನ್ ಗುಂಪಲ್ಲಿ ಬೆಳಗೆದ್ರೆ ಲೋನ್ ಆ್ಯಪು, ಲಾಟರಿ, 'ಮನೇಲೇ ಕೂತು ದುಡೀರಿ', ಇದೇ ಗೋಳು. ಅಡ್ಮಿನ್ ನಾನೊಬ್ನೇ, ಡಿಲೀಟ್ ಮಾಡಿ ಮಾಡಿ ಸಾಕಾಗಿದೆ. ಮೆಂಬರ್‌ಗಳೇ ಒಬ್ರಿಗೊಬ್ರು ಜಾಮೀನು ನಿಲ್ಲೋ ಟ್ರಸ್ಟ್ ನೆಟ್‌ವರ್ಕ್ ಅಂತ ಇದೆಯಂತಲ್ಲ ಸರ್, ಸ್ಪ್ಯಾಮರ್‌ಗಳೂ ಒಬ್ರಿಗೊಬ್ರು ಜಾಮೀನು ನಿಂತ್ಬಿಟ್ರೆ ಏನ್ಮಾಡೋದು?
– ಓದುಗರು, ಸಾಗರ

ಉತ್ತರ: ಕೊನೇಲಿ ಕೇಳಿದ್ರಲ್ಲ, ಅದೇ ಅಸಲಿ ಪ್ರಶ್ನೆ. ಒಬ್ಬನೇ ಸಾವಿರ ವೇಷ ಹಾಕ್ಕೊಂಡು ಬರೋದಕ್ಕೆ ಸಿಬಿಲ್ ಅಟ್ಯಾಕ್ ಅಂತಾರೆ (ಬ್ಯಾಂಕಿನೋರು ಕೇಳೋ ಸಿಬಿಲ್ ಸ್ಕೋರೇ ಬೇರೆ, ಗಾಬರಿ ಬೇಡ). ಬರೀ ಲೈಕು, ವೋಟು ಎಣಿಸೋ ಕಡೆ ಅವ್ನೇ ಗೆಲ್ಲೋದು.

1999ರಲ್ಲಿ ರಾಫ್ ಲೆವಿಯನ್ ಅನ್ನೋರು ಫ್ರೀ ಸಾಫ್ಟ್‌ವೇರ್ (ಯಾರು ಬೇಕಾದ್ರೂ ತಿದ್ದಿ ಹಂಚ್ಕೋಬಹುದಾದ್ದು) ಮಾಡೋರಿಗೆ ಅಂತ ಅಡ್ವೊಗಾಟೊ ಅನ್ನೋ ತಾಣ ಶುರು ಮಾಡಿದ್ರು, ಅಲ್ಲಿ ಮೆಂಬರ್‌ಗಳು ಒಬ್ರಿಗೊಬ್ರು ಅಪ್ರೆಂಟಿಸ್, ಜರ್ನಿಯರ್, ಮಾಸ್ಟರ್ ಅಂತ ಸರ್ಟಿಫಿಕೇಟ್ ಕೊಡ್ತಿದ್ರು, ಆದ್ರೆ ಲೆಕ್ಕ ಹಾಕ್ತಿದ್ದಿದ್ದು ಎಷ್ಟು ಜನ ಕೊಟ್ರು ಅಂತಲ್ಲ. ನಿಮ್ಮ ತೋಟದ ಪೈಪ್‌ಲೈನೇ ನೆನೆಸ್ಕೊಳ್ಳಿ. ಪೂರ್ತಿ ನಂಬಿಕಸ್ಥರು ಅಂತ ಮೊದಲೇ ಆರಿಸಿದ ಕೆಲವರು ಟ್ಯಾಂಕು. ಅಲ್ಲಿಂದ ಬರೋ ನೀರಲ್ಲಿ ಪ್ರತಿಯೊಬ್ರೂ ಒಂದು ಕೊಡ ಇಟ್ಕೊಂಡು ಮಿಕ್ಕಿದ್ದನ್ನ ತಾವು ಜಾಮೀನು ನಿಂತೋರಿಗೆ ಬಿಡ್ತಾರೆ, ಟ್ಯಾಂಕಿಂದ ದೂರ ಹೋದ ಹಾಗೆ ಹರಿಯೋ ನೀರೂ ಕಮ್ಮಿ. ಕೊಡ ತುಂಬಿದವ್ನು ಮೆಂಬರ್, ಅಷ್ಟೇ. ಸ್ಪ್ಯಾಮರ್ ತನ್ನ ಸಾವಿರ ಅಕೌಂಟಿನ ಮಧ್ಯೆ ಎಷ್ಟು ಪೈಪ್ ಬೇಕಾದ್ರೂ ಎಳ್ಕೊಳ್ಳಲಿ, ನೀರು ಬರ್ಬೇಕಲ್ಲ? ಅದು ಬರೋದು ಒಳಗಿನ ಯಾರೋ ಪುಣ್ಯಾತ್ಮ ಮೋಸ ಹೋಗಿ ಅವ್ನಿಗೆ ಜಾಮೀನು ನಿಂತ್ರೆ ಮಾತ್ರ, ಬಂದ್ರೂ ಆ ಪುಣ್ಯಾತ್ಮನ ಪೈಪಲ್ಲಿ ಮಿಕ್ಕಿದ್ದಷ್ಟೇ.

ಈ ಲೆಕ್ಕ ನಿಮ್ಮ ಗುಂಪಲ್ಲಿ ಕೈಯಲ್ಲಿ ಹಾಕೋಕಾಗಲ್ಲ ಬಿಡಿ. ಲಾಬ್‌ಸ್ಟರ್ಸ್ ಅನ್ನೋ ಪ್ರೋಗ್ರಾಮರ್‌ಗಳ ತಾಣದಲ್ಲಿ ಸುಲಭದ ದಾರಿ ಇದೆ, ಯಾರನ್ನ ಯಾರು ಕರ್ಕೊಂಡು ಬಂದ್ರು ಅನ್ನೋದು ಎಲ್ರಿಗೂ ಕಾಣುತ್ತೆ, ವಂಶವೃಕ್ಷದ ಥರ. ನೀವೂ ಒಂದು ಎಕ್ಸೆಲ್ ಶೀಟಲ್ಲಿ ಬರ್ದಿಡಿ, ಒಬ್ಬನೇ ಮೂರು ಸಲ ಲಾಟರಿಯೋರನ್ನ ಕರ್ಕೊಂಡು ಬಂದ್ರೆ ಅವ್ನ ಕರೆಯೋ ಹಕ್ಕು ಕಟ್ ಮಾಡಿ.

ಒಂದೇ ತೊಂದ್ರೆ, ಯಾರ ಪರಿಚಯಾನೂ ಇಲ್ದೆ ಕೊಳೆರೋಗಕ್ಕೆ ಔಷಧಿ ಕೇಳ್ಕೊಂಡು ಬಂದ ಹೊಸಬ ರೈತ ಹೊರಗೇ ಉಳೀತಾನೆ. ಅಂಥೋರ ಮೊದಲನೇ ಪೋಸ್ಟ್ ನೋಡಿ ಬಿಡೋಕೆ ಇನ್ನಿಬ್ರು ಅಡ್ಮಿನ್ ಮಾಡ್ಕೊಳ್ಳಿ.