ಅಂಚು ಸೀಳುವ ರೊಟ್ಟಿ

ಪ್ರಶ್ನೆ: ಅಕ್ಕಾ, ಖಾನಾವಳಿಯೊಂದರಲ್ಲಿ ಜೋಳದ ರೊಟ್ಟಿ ಬಡಿಯಲು ಸೇರಿ ಮೂರು ವಾರವಾಯಿತು. ಕಲಿಸುವ ಆಯಿಯನ್ನು ನೀರಿನ ಅಳತೆ ಕೇಳಿದರೆ ‘ಕೈಗೆ ಗೊತ್ತಾಗುತ್ತದೆ’ ಎನ್ನುತ್ತಾರೆ. ನನ್ನ ಕೈಗೆ ಏನೂ ಗೊತ್ತಾಗುತ್ತಿಲ್ಲ. ಬಡಿದಂತೆಲ್ಲ ಅಂಚು ಸೀಳುತ್ತದೆ.
– ಹೊಸಬಳು, ವಿಜಯಪುರ

ಉತ್ತರ: ತಂಗಿ, ಆಯಿಯ ಮೇಲೆ ಸಿಟ್ಟಾಗಬೇಡ. ನನ್ನ ಅತ್ತೆಯೂ ಹಾಗೆಯೇ ಹೇಳುತ್ತಿದ್ದರು; ಒಲೆಯ ಹೊಗೆಯ ನೆಪದಲ್ಲಿ ನಾನು ಅತ್ತದ್ದೂ ಉಂಟು.

ಗೋಧಿ ಹಿಟ್ಟಿಗೆ ಅಂಟು ಕೊಡುವ ಗ್ಲುಟೆನ್ ಎಂಬ ಪ್ರೋಟೀನು ಜೋಳದಲ್ಲಿಲ್ಲ. ಜೋಳದ ಹಿಟ್ಟನ್ನು ಹಿಡಿದಿಡುವುದು ಎಸರು, ಅಂದರೆ ಕುದಿಯುವ ನೀರು: ಬಿಸಿಗೆ ಪಿಷ್ಟ ಬೆಂದು ಜಿಗಿ ಬರುತ್ತದೆ. ಆದ್ದರಿಂದ ಬರೀ ಬೆಚ್ಚಗಿನ ನೀರು ಸಾಲದು. ಹಿಟ್ಟಿನ ನಡುವೆ ಗುಣಿ ಮಾಡಿ, ಕುದಿಯುವ ನೀರನ್ನೇ ಹೊಯ್ದು ಸೌಟಿನಿಂದ ಕಲಸು. ಕೈ ತಾಳುವಷ್ಟು ಆರಿದ ಮೇಲೆ ಒಂದು ರೊಟ್ಟಿಗೆ ಬೇಕಾದಷ್ಟನ್ನೇ ತೆಗೆದು, ಕೈ ಒದ್ದೆ ಮಾಡಿಕೊಂಡು ಅಂಗೈಯ ಬುಡದಿಂದ ನಾದು. ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಅಂಚು ಬಿರಿದರೆ ಇನ್ನೂ ನಾದಬೇಕು. ಆಯಿಯ ಕೈಗೆ ಗೊತ್ತಿರುವುದು ಇದೇ.

ಹಿಟ್ಟು ಯಾವಾಗ ಬೀಸಿದ್ದು ಎಂಬುದನ್ನೂ ವಿಚಾರಿಸು. ಹಳತಾದರೆ ರೊಟ್ಟಿಗೆ ಹೆಸರಾದ ಮಾಲದಂಡಿ ತಳಿಯ ಜೋಳದ ಹಿಟ್ಟೂ ಕೈಕೊಡುತ್ತದೆ.

ಬಡಿಯುವ ಸದ್ದಿಗೆ ಮರುಳಾಗಬೇಡ, ಎಲ್ಲರೂ ಬಲಗೈಯನ್ನೇ ನೋಡುತ್ತಾರೆ. ನೀನು ಆಯಿಯ ಎಡಗೈ ನೋಡು: ಅಂಚಿಗೆ ಒತ್ತಾಗಿ ನಿಂತು ಸೀಳುವ ಮೊದಲೇ ಕೂಡಿಸುತ್ತಿರುತ್ತದೆ. ಹಂಚಿಗೆ ಹಾಕಿದ ಕೂಡಲೇ ಮೇಲೆ ಒದ್ದೆ ಬಟ್ಟೆ ಸವರು. ತಡವಾದರೆ ಮೇಲಿನ ಒಣಹಿಟ್ಟು ಬಿರಿಯುತ್ತದೆ.

ಕೈ ಪಳಗುವವರೆಗೆ ಸೀಳಿದವನ್ನು ಗಿರಾಕಿಗೆ ಬಡಿಸದೆ, ಶೇಂಗಾ ಹಿಂಡಿ (ಚಟ್ನಿಪುಡಿ) ಹಚ್ಚಿಕೊಂಡು ನೀನೇ ತಿಂದುಬಿಡು.